ದುರ್ಬೀನ್ ಎದೆ ಆಪರೇಷನ್ ಮತ್ತು ರಕ್ತದ ಗುಳಿಗೆ



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಮಾತು ಮುಗಿದ ಮೇಲೆ ನೀವು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ದವಾಖಾನೆಯವೇ ಇರುತ್ತವೆ. ಅಂಥ ಒಂದು ಪ್ರಶ್ನೆಗೆ ಈ ಸಲ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ. "ಸಿಸ್ಟರ್, ಎದಿ ಆಪರೇಷನ್ ಈಗ ದುರ್ಬೀನಿಂದ ಮಾಡ್ತಾರಂತ. ಬರೇ ಎರಡ್ಮೂರು ತೂತು. ಅಷ್ಟಕ್ಕ ರಕ್ತದ ಗುಳಿಗಿ ಯಾಕ ಬಿಡಬೇಕ್ರಿ?" ಎಂದು ಒಬ್ಬ ಸದಸ್ಯೆ ಕೇಳಿದರು. ಇನ್ನೊಬ್ಬರದು ಇದಕ್ಕೆ ತದ್ವಿರುದ್ಧ: "ಆಪರೇಷನ್ ಅಂದಕೂಡ್ಲೆ ನಾನ ಗುಳಿಗಿ ನಿಲ್ಲಿಸೇನ್ರಿ, ತಿಂಗಳಾತು. ಏನೂ ಆಗಿಲ್ಲಲ್ಲ?" ಮೊದಲನೆಯವರಿಗೆ ರಕ್ತಸ್ರಾವದ ಅಪಾಯ, ಎರಡನೆಯವರಿಗೆ ಲಕ್ವದ ಅಪಾಯ. ಇಬ್ಬರ ಮಾತಿನಲ್ಲೂ ತಪ್ಪು ಎಲ್ಲಿದೆ ಎಂಬುದನ್ನು ನೋಡೋಣ.

ರಕ್ತ ತೆಳುವಾಗುವುದಿಲ್ಲ, ಹೆಪ್ಪು ತಡವಾಗುತ್ತದೆ

"ರಕ್ತ ತೆಳು ಮಾಡುವ ಗುಳಿಗೆ" ಎಂದು ಡಾಕ್ಟರರೂ ಹೇಳುತ್ತಾರೆ, ನಾವೂ ಹೇಳುತ್ತೇವೆ. ಆದರೆ ಮೊಸರಿಗೆ ನೀರು ಬೆರೆಸಿ ಮಜ್ಜಿಗೆ ಮಾಡಿದ ಹಾಗೆ ರಕ್ತ ತೆಳ್ಳಗಾಗುವುದಿಲ್ಲ. ಹಾಲಿಗೆ ಹೆಪ್ಪು ಹಾಕುವುದು ನಿಮಗೆ ಗೊತ್ತೇ ಇದೆ. ಹೆಪ್ಪು ಕಡಿಮೆ ಬಿದ್ದರೆ ಮೊಸರಾಗುವುದು ತಡ. ಈ ಗುಳಿಗೆ ಮಾಡುವುದೂ ಅಷ್ಟೇ. ರಕ್ತ ಗಟ್ಟಿಯಾಗಲು ಬೇಕಾದ ಕೆಲವು ವಸ್ತುಗಳು ನಮ್ಮ ಯಕೃತ್ತಿನಲ್ಲಿ ತಯಾರಾಗುತ್ತವೆ, ಅದಕ್ಕೆ ವಿಟಮಿನ್ ಕೆ ಬೇಕು. ವಾರ್ಫರಿನ್, ಅಸಿಟ್ರೋಮ್ ಎಂಬ ಗುಳಿಗೆಗಳು ಆ ವಿಟಮಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಆದುದರಿಂದಲೇ ಇವತ್ತು ನುಂಗಿದ ಗುಳಿಗೆಯ ಪೂರ್ತಿ ಪರಿಣಾಮ ಇವತ್ತೇ ಕಾಣುವುದಿಲ್ಲ, ಎರಡು-ಮೂರು ದಿನ ಬೇಕು. ಬಿಟ್ಟಾಗಲೂ ಹಾಗೆಯೇ. ಮುಂಜಾನೆ ಬಿಟ್ಟು ಮಧ್ಯಾಹ್ನ ಆಪರೇಷನ್‌ಗೆ ಹೋದರೆ ಬಿಟ್ಟಂತಾಗುವುದಿಲ್ಲ.

ಈ ಔಷಧಿ ಸಿಕ್ಕ ಕಥೆ ಎಮ್ಮೆ-ಆಕಳು ಸಾಕುವ ನಿಮಗೆ ಹಿಡಿಸಬಹುದು. 1920ರ ಸುಮಾರಿಗೆ ಅಮೆರಿಕ, ಕೆನಡಾಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಬೂಸು ಹಿಡಿದ ಒಂದು ಜಾತಿಯ ಮೇವು ಅದಕ್ಕೆ ಕಾರಣವಾಗಿತ್ತು. 1933ರಲ್ಲಿ ಒಬ್ಬ ರೈತ ಸತ್ತ ಆಕಳು ಮತ್ತು ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು ಹಿಡಿದುಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿಯ ಕಾರ್ಲ್ ಲಿಂಕ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಆ ಮೇವಿನೊಳಗಿನ ವಸ್ತುವನ್ನು ಹುಡುಕಿ ತೆಗೆದರು. ಅದರ ಜಾತಿಯದೇ ಆದ ವಾರ್ಫರಿನ್ 1948ರಲ್ಲಿ ಮೊದಲು ಇಲಿ ಪಾಷಾಣವಾಗಿ ಬಂತು, 1954ರಿಂದ ಮನುಷ್ಯರಿಗೆ ಔಷಧಿಯಾಯಿತು. "ಅಯ್ಯ, ಇಲಿ ಪಾಷಾಣ!" ಎಂದು ಗಾಬರಿಯಾಗಬೇಡಿ. ಪ್ರಮಾಣ ಸರಿ ಇದ್ದರೆ ಔಷಧಿ, ತಪ್ಪಿದರೆ ವಿಷ. ಅದಕ್ಕೇ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು ಎನ್ನುವುದು.

ಆ ಪರೀಕ್ಷೆಗೆ ಪಿಟಿ-ಐಎನ್‌ಆರ್ ಎನ್ನುತ್ತಾರೆ. ಗುಳಿಗೆ ತೆಗೆದುಕೊಳ್ಳದವರ ಐಎನ್‌ಆರ್ ಸುಮಾರು 1 ಇರುತ್ತದೆ. ಗುಳಿಗೆ ತೆಗೆದುಕೊಳ್ಳುವ ಬಹಳಷ್ಟು ಜನರಿಗೆ ಅದು 2ರಿಂದ 3ರ ಒಳಗೆ ಇರಬೇಕು. ಹೃದಯದ ಎಡಭಾಗದ ಮೈಟ್ರಲ್ ಕವಾಟ ಬದಲಿಸಿ ಲೋಹದ್ದು ಹಾಕಿದವರಿಗೆ ಸಾಮಾನ್ಯವಾಗಿ 2.5ರಿಂದ 3.5. ಕೆಳಗಿಳಿದರೆ ರಕ್ತ ಗಂಟು ಕಟ್ಟುವ ಭಯ, ಮೇಲೇರಿದರೆ ರಕ್ತ ಸೋರುವ ಭಯ. ನಿಮ್ಮ ಸಂಖ್ಯೆ ಎಷ್ಟಿರಬೇಕು ಎಂದು ನಿಮ್ಮ ಹೃದಯದ ಡಾಕ್ಟರರನ್ನು ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮ ಕಡೆ ಯಾರಿಗೆ ಈ ಗುಳಿಗೆ?

ಸಕ್ಕರೆ ಕಾಯಿಲೆ, ಬಿಪಿ ಗುಳಿಗೆ ಎಲ್ಲರಿಗೂ ಗೊತ್ತು, ರಕ್ತದ ಗುಳಿಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಸಂಘಗಳಲ್ಲಿ ಇದನ್ನು ತೆಗೆದುಕೊಳ್ಳುವ ಹೆಣ್ಣುಮಕ್ಕಳನ್ನು ನಾವು ಕಾಣುತ್ತಲೇ ಇದ್ದೇವೆ, ಅದರಲ್ಲೂ ಮೂವತ್ತು-ನಲವತ್ತರ ಒಳಗಿನವರು. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲುಗಳಲ್ಲಿ ಬಾವು, ಜ್ವರ ಬಂದು ಹೋಗಿರುತ್ತದೆ. ಯಾರೂ ಲಕ್ಷ್ಯ ಕೊಟ್ಟಿರುವುದಿಲ್ಲ. ಅದೇ ಸಂಧಿವಾತ ಜ್ವರ ಹೃದಯದ ಕವಾಟವನ್ನು ಕೆಡಿಸಿರುತ್ತದೆ. ಮದುವೆಯಾಗಿ ಬಸುರಿಯಾದಾಗ ದಮ್ಮು ಹತ್ತುತ್ತದೆ, ಆಗ ಬೇನೆ ಹೊರಬೀಳುತ್ತದೆ. ಕೆಲವರಿಗೆ ಕವಾಟ ಬದಲಿಸಬೇಕಾಗುತ್ತದೆ.

ಕೃತಕ ಕವಾಟ ಒಂದು ಕಾಲಕ್ಕೆ ಬಡವರ ಕೈಗೆ ಎಟುಕುವ ವಸ್ತುವಾಗಿರಲಿಲ್ಲ, ಪರದೇಶದಿಂದ ಬರುತ್ತಿತ್ತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ತಂಡ ವರ್ಷಗಟ್ಟಲೆ ದುಡಿದು ಭಾರತದ್ದೇ ಕವಾಟ ತಯಾರಿಸಿತು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ರೋಗಿಗೆ ಕೂಡಿಸಿದರು. ಅದರ ನಂತರ ದೇಶದ ಎಷ್ಟೋ ಬಡವರು ಆ ಕವಾಟದ ಮೇಲೆಯೇ ಬದುಕಿದ್ದಾರೆ. ಆದರೆ ಲೋಹದ ಕವಾಟ ಯಾವ ಕಂಪನಿಯದೇ ಇರಲಿ, ಜೀವ ಇರುವ ತನಕ ಗುಳಿಗೆ ತಪ್ಪುವಂತಿಲ್ಲ. ನಮ್ಮ ರಕ್ತ ಆ ಕವಾಟವನ್ನು ಪರಕೀಯ ವಸ್ತು ಎಂದು ತಿಳಿದು ಅದರ ಮೇಲೆ ಹೆಪ್ಪು ಕಟ್ಟಲು ನೋಡುತ್ತದೆ. ಹೆಪ್ಪು ಕಟ್ಟಿದರೆ ಕವಾಟ ಜಾಮ್ ಆಗುತ್ತದೆ, ಅಥವಾ ಅದರ ತುಣುಕು ಕಿತ್ತು ಮೆದುಳಿಗೆ ಹೋಗಿ ಲಕ್ವ ಹೊಡೆಯುತ್ತದೆ.

ಇವರಲ್ಲದೆ ನಾಡಿ ಅಡ್ಡಾದಿಡ್ಡಿ ಬಡಿಯುವವರು, ಕಾಲಿನ ನರದಲ್ಲಿ ಅಥವಾ ಫುಪ್ಪುಸದಲ್ಲಿ ರಕ್ತ ಗಟ್ಟಿಯಾದವರು ಸಹ ಈ ಗುಳಿಗೆ ತೆಗೆದುಕೊಳ್ಳುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಇಕೊಸ್ಪ್ರಿನ್, ಕ್ಲೊಪಿಡೊಗ್ರೆಲ್ ಬೇರೆ ಜಾತಿಯವು, ಅವುಗಳ ಮಾತು ಮುಂದೆ ಬರುತ್ತದೆ.

ಎದೆಯ ಬೇನೆಯಂತೂ ನಿಪ್ಪಾಣಿಗೆ ಹೊಸದಲ್ಲ. ತಂಬಾಕಿನ ವಖಾರಿಯ ಘಾಟು, ಬೀಡಿ ಕಟ್ಟುವ ಮನೆಗಳ ಧೂಳು ನಿಮಗೇ ಚೆನ್ನಾಗಿ ಗೊತ್ತು. ಇಲ್ಲಿಯ ತಂಬಾಕು ಕಾರ್ಖಾನೆಯ ಹೆಣ್ಣುಮಕ್ಕಳ ದುಡಿಮೆ, ಹೋರಾಟಗಳ ಮೇಲೆ ಯುಗಾಂತರ್ ಎಂಬ ಮಹಿಳಾ ತಂಡ 1982ರಲ್ಲಿ ಸಿನೆಮಾನೇ ತೆಗೆದಿತ್ತು. ಎದೆಯ ರೋಗ ಎಂದರೆ ನಮ್ಮ ಹಿರಿಯರು ಮಿರಜದ ಗಾಡಿ ಹತ್ತುತ್ತಿದ್ದರು, ಡಾ. ವಿಲಿಯಂ ವಾನ್‌ಲೆಸ್ ಅಲ್ಲಿ 1894ರಲ್ಲಿಯೇ ಮಿಶನ್ ದವಾಖಾನೆ ಕಟ್ಟಿದ್ದರು. ಈಗ ಬೆಳಗಾವಿ, ಕೊಲ್ಹಾಪುರ, ಮಿರಜ ಮೂರೂ ಕಡೆ ಹೋಗುತ್ತಾರೆ.

ದುರ್ಬೀನ್ ಎಂದರೆ ಸಣ್ಣದು ಎಂದಲ್ಲ

ನಮ್ಮ ಕಡೆ ದುರ್ಬೀನ್ ಆಪರೇಷನ್ ಎಂದ ಕೂಡಲೇ ಸಂತಾನ ಹರಣದ ಕ್ಯಾಂಪ್ ನೆನಪಾಗುತ್ತದೆ. ಮುಂಜಾನೆ ಹೋದರೆ ಸಂಜೆಗೆ ಮನೆ. ಎದೆಯ ದುರ್ಬೀನ್ ಆಪರೇಷನ್ ಅಂಥದ್ದಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ಎದೆಯೊಳಗೆ ನಳಿಗೆ ಹಾಕಿ ನೋಡುವುದನ್ನು 1910ರಲ್ಲಿ ಸ್ವೀಡನ್ ದೇಶದ ಯಾಕೋಬೇಯಸ್ ಎಂಬ ಡಾಕ್ಟರು ಶುರು ಮಾಡಿದರು. ಕ್ಷಯ ರೋಗಿಗಳಲ್ಲಿ ಅದನ್ನು ಹೆಚ್ಚಾಗಿ ಬಳಸುತ್ತಿದ್ದರು. 1990ರ ನಂತರ ಸಣ್ಣ ಕ್ಯಾಮರಾ ಬಂದು, ಒಳಗಿನದೆಲ್ಲ ಟಿವಿ ಪರದೆಯ ಮೇಲೆ ಕಾಣತೊಡಗಿದ ಮೇಲೆ ಅದರಿಂದಲೇ ದೊಡ್ಡ ದೊಡ್ಡ ಆಪರೇಷನ್ ಮಾಡುವುದು ಸಾಧ್ಯವಾಯಿತು. ಹಳೆಯ ಪದ್ಧತಿಯಲ್ಲಿ ಪಕ್ಕೆಯನ್ನು ಗೇಣುದ್ದ ಕೊಯ್ದು, ಪಕ್ಕೆಲುಬುಗಳನ್ನು ಅಗಲಿಸಿ ಒಳಗೆ ಕೈ ಹಾಕುತ್ತಿದ್ದರು. ಈಗ ಒಂದರಿಂದ ಮೂರು ಸಣ್ಣ ರಂಧ್ರ ಸಾಕು. ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು, ಕೂಲಿಗೆ ಹೋಗುವವರಿಗೆ ಇದು ದೊಡ್ಡ ಉಪಕಾರ. ನಿಮೋನಿಯಾ ಅಥವಾ ಕ್ಷಯದಿಂದ ಎದೆಯಲ್ಲಿ ಕೀವು ತುಂಬಿದಾಗ, ಫುಪ್ಪುಸ ತೂತಾಗಿ ಗಾಳಿ ಸೋರಿದಾಗ, ಗಂಟಿನ ತುಣುಕು ಪರೀಕ್ಷೆಗೆ ಬೇಕಾದಾಗ ಇದನ್ನು ಮಾಡುತ್ತಾರೆ. ಕೀವು ಹಳೆಯದಾಗಿ ದಪ್ಪ ಪದರ ಕಟ್ಟಿದರೆ ಮಾತ್ರ ಮತ್ತೆ ದೊಡ್ಡ ಕೊಯ್ತವೇ ಬೇಕಾಗಬಹುದು. ಅದಕ್ಕೇ ನಿಮೋನಿಯಾ ಔಷಧಿ ತೆಗೆದುಕೊಂಡ ಮೇಲೂ ಜ್ವರ ಬಿಡದಿದ್ದರೆ "ನೋಡೋಣ ತಡಿ" ಎಂದು ವಾರಗಟ್ಟಲೆ ಕಾಯಬೇಡಿ.

ಹೊರಗಿನ ತೂತು ಸಣ್ಣದು, ಒಳಗಿನ ಕೆಲಸ ಅಷ್ಟೇ ದೊಡ್ಡದು. ತಳ ಹಿಡಿದ ಅನ್ನವನ್ನು ಪಾತ್ರೆಯಿಂದ ಕೆರೆದು ತೆಗೆದ ಹಾಗೆ ಫುಪ್ಪುಸಕ್ಕೆ ಅಂಟಿದ ಪದರವನ್ನು ಬಿಡಿಸುತ್ತಾರೆ. ಬಿಡಿಸಿದ ಕಡೆಯೆಲ್ಲ ರಕ್ತ ಜಿನುಗುತ್ತದೆ. ಪ್ರತಿ ಪಕ್ಕೆಲುಬಿನ ಕೆಳ ಅಂಚಿಗೆ ಒಂದು ರಕ್ತನಾಳ ಓಡುತ್ತದೆ, ರಂಧ್ರ ಮಾಡುವಾಗ ಅದಕ್ಕೂ ಪೆಟ್ಟಾಗಬಹುದು. ಕೈಗೆ ಕುಡಗೋಲು ತಾಗಿದರೆ ಒತ್ತಿ ಹಿಡಿದು ರಕ್ತ ನಿಲ್ಲಿಸುತ್ತೇವೆ. ಎದೆಯೊಳಗೆ ಒತ್ತಿ ಹಿಡಿಯುವವರು ಯಾರು? ಅಲ್ಲಿ ಜಾಗವೂ ಬಹಳ, ಲೀಟರುಗಟ್ಟಲೆ ರಕ್ತ ಹೊರಗೆ ಕಾಣದಂತೆ ನಿಲ್ಲಬಹುದು. ಇನ್ನೊಂದು ತೊಡಕೂ ಇದೆ. ರಕ್ತ ಜಾಸ್ತಿಯಾದರೆ ಕ್ಯಾಮರಾದ ಕಣ್ಣಿಗೇ ಮೆತ್ತಿಕೊಂಡು ಡಾಕ್ಟರರಿಗೆ ಏನೂ ಕಾಣದಂತಾಗುತ್ತದೆ, ಆಗ ದುರ್ಬೀನ್ ಬಿಟ್ಟು ಎದೆ ತೆರೆಯಲೇಬೇಕು. ಈ ಕಾರಣಗಳಿಂದ ವೈದ್ಯರು ಇದನ್ನು ರಕ್ತಸ್ರಾವದ ಭಯ ಹೆಚ್ಚಿರುವ ಆಪರೇಷನ್‌ಗಳ ಸಾಲಿಗೇ ಸೇರಿಸಿದ್ದಾರೆ. ನೋವು ಕಡಿಮೆ ಮಾಡಲು ಬೆನ್ನಿಗೆ ಸೂಜಿ ಹಾಕುವುದಿದ್ದರೆ ಬೆನ್ನುಹುರಿಯ ಹತ್ತಿರ ರಕ್ತ ಕೂಡುವ ಭಯವೂ ಇದೆ, ಅರಿವಳಿಕೆ ಡಾಕ್ಟರು ಗುಳಿಗೆಯ ಬಗ್ಗೆ ಮತ್ತೆ ಮತ್ತೆ ಕೇಳುವುದು ಇದಕ್ಕೇ.

ಎಷ್ಟು ದಿನ ಬಿಡುವುದು, ನಡುವೆ ಏನು?

ಇಲ್ಲಿ ಬರೆದದ್ದು ತಿಳುವಳಿಕೆಗಾಗಿ. ಇದನ್ನು ಓದಿ ಮನೆಯಲ್ಲಿ ತಾವೇ ಗುಳಿಗೆ ನಿಲ್ಲಿಸುವುದು, ಶುರು ಮಾಡುವುದು ಬೇಡ.

ವಾರ್ಫರಿನ್ ಆದರೆ ಸಾಮಾನ್ಯವಾಗಿ ಆಪರೇಷನ್‌ಗೆ 5 ದಿನ ಮುಂಚೆ ನಿಲ್ಲಿಸುತ್ತಾರೆ. ಅಸಿಟ್ರೋಮ್ ದೇಹದಿಂದ ಬೇಗ ಇಳಿಯುತ್ತದೆ, 2-3 ದಿನ ಮುಂಚೆ ನಿಲ್ಲಿಸುತ್ತಾರೆ. ಆಪರೇಷನ್‌ಗೆ ಮುಂಚೆ ಐಎನ್‌ಆರ್ ಪರೀಕ್ಷೆ ಮಾಡಿ, 1.5ಕ್ಕಿಂತ ಕಡಿಮೆ ಬಂದ ಮೇಲೆಯೇ ಮುಂದುವರಿಯುತ್ತಾರೆ. ಹಾಗಾದರೆ ಆ ನಾಲ್ಕಾರು ದಿನ ಲೋಹದ ಕವಾಟದ ಗತಿ ಏನು? ಅಲ್ಲಿಯೇ ಹೆಪಾರಿನ್ ಇಂಜೆಕ್ಷನ್ ಬರುತ್ತದೆ. ಹೊಳೆಗೆ ಸೇತುವೆ ಇದ್ದ ಹಾಗೆ ಈ ದಡದಿಂದ ಆ ದಡಕ್ಕೆ ದಾಟಿಸುವ ಇಂಜೆಕ್ಷನ್ ಅದು. ಹೊಟ್ಟೆಯ ಚರ್ಮದ ಕೆಳಗೆ ಕೊಡುವುದು, ಬೇಗ ಕೆಲಸ ಮಾಡಿ ಬೇಗ ಇಳಿದುಹೋಗುತ್ತದೆ, ಆದುದರಿಂದ ಅದರ ಕೊನೆಯ ಸೂಜಿಯನ್ನು ಆಪರೇಷನ್‌ಗೆ ಒಂದು ದಿನ ಮುಂಚೆ ಕೊಟ್ಟರೆ ನಡೆಯುತ್ತದೆ.

ಎಲ್ಲರಿಗೂ ಈ ಇಂಜೆಕ್ಷನ್ ಬೇಕೆಂದಿಲ್ಲ. ಬರೀ ನಾಡಿ ಅಡ್ಡಾದಿಡ್ಡಿ ಇದ್ದು, ಕವಾಟದ ತೊಂದರೆ ಇಲ್ಲದವರಿಗೆ ಕೊಟ್ಟು ನೋಡಿದಾಗ ಲಾಭಕ್ಕಿಂತ ರಕ್ತಸ್ರಾವವೇ ಹೆಚ್ಚು ಎಂದು 2015ರ ಒಂದು ದೊಡ್ಡ ಅಧ್ಯಯನದಲ್ಲಿ ಕಂಡುಬಂತು. ಆದುದರಿಂದ "ಅಕಿಗೆ ಹೊಟ್ಟಿಗೆ ಸೂಜಿ ಕೊಟ್ರು, ನನಗ್ಯಾಕ ಕೊಡಲಿಲ್ಲ?" ಎಂದು ಹೋಲಿಸಿಕೊಳ್ಳಬೇಡಿ. ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇರುವವರು, ಇತ್ತೀಚೆಗೆ ಲಕ್ವ ಹೊಡೆದವರು, ಕಳೆದ 3 ತಿಂಗಳಲ್ಲಿ ಕಾಲಿನಲ್ಲೋ ಫುಪ್ಪುಸದಲ್ಲೋ ರಕ್ತ ಗಟ್ಟಿಯಾದವರು ಹೆಚ್ಚು ಅಪಾಯದಲ್ಲಿರುವವರು. ಆಪರೇಷನ್ ಮುಂದೂಡಲು ಬರುವಂತಿದ್ದರೆ ಇಂಥವರಿಗೆ ಮುಂದೂಡುತ್ತಾರೆ.

ಅಪಿಕ್ಸಾಬಾನ್, ರಿವರೊಕ್ಸಾಬಾನ್, ಡಾಬಿಗಾಟ್ರಾನ್ ಎಂಬ ಹೊಸ ಗುಳಿಗೆಗಳು ಬಂದಿವೆ. ಪದೇ ಪದೇ ರಕ್ತ ಪರೀಕ್ಷೆ ಬೇಡ, ದೊಡ್ಡ ಆಪರೇಷನ್‌ಗೆ ಸಾಮಾನ್ಯವಾಗಿ ಎರಡು ದಿನ ಬಿಟ್ಟರೆ ಸಾಕು, ಕಿಡ್ನಿ ದುರ್ಬಲ ಇದ್ದರೆ ಇನ್ನೂ ಹೆಚ್ಚು ದಿನ. ಪರೀಕ್ಷೆಯ ಜಂಜಾಟ ಇಲ್ಲವೆಂದು ಕವಾಟದ ರೋಗಿಗಳೂ ಇದನ್ನು ಕೇಳುತ್ತಾರೆ. ಅವರಿಗೆ ಇದು ಸಲ್ಲದು. ಲೋಹದ ಕವಾಟಕ್ಕೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು ಅಪಾಯ ಕಂಡು ಅರ್ಧಕ್ಕೇ ನಿಲ್ಲಿಸಿ, 2013ರಲ್ಲಿ ವರದಿ ಮಾಡಿದರು. ಸಂಧಿವಾತ ಜ್ವರದಿಂದ ಹೃದಯ ಕೆಟ್ಟು ನಾಡಿ ತಪ್ಪಿದವರಿಗೆ ಹೊಸ ರಿವರೊಕ್ಸಾಬಾನ್‌ಗಿಂತ ಹಳೆಯ ಜಾತಿಯ ಗುಳಿಗೆಯೇ ಮೇಲು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹಳೆಯದೆಂದು ಹೀಗಳೆಯಬೇಡಿ.

ಸ್ಟೆಂಟ್ ಹಾಕಿದವರ ಕ್ಲೊಪಿಡೊಗ್ರೆಲ್ ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸುತ್ತಾರೆ, ಇಕೊಸ್ಪ್ರಿನ್ ಬಹಳ ಸಲ ಮುಂದುವರಿಸುತ್ತಾರೆ. ಆದರೆ ಸ್ಟೆಂಟ್ ಹೊಸದಿದ್ದರೆ, ಮೊದಲ ಕೆಲವು ತಿಂಗಳು, ಹೃದಯಾಘಾತ ಆಗಿ ಹಾಕಿದ್ದರೆ ಒಂದು ವರ್ಷ, ಹೃದಯದ ಡಾಕ್ಟರರನ್ನು ಕೇಳದೆ ಒಂದು ಗುಳಿಗೆಯನ್ನೂ ಬಿಡಬಾರದು. ಸ್ಟೆಂಟ್ ಒಳಗೆ ರಕ್ತ ಗಟ್ಟಿಯಾದರೆ ಹೃದಯಾಘಾತವೇ.

ಕಾಯಲು ವೇಳೆಯೇ ಇಲ್ಲದ ತುರ್ತು ಆಪರೇಷನ್ ಇದ್ದರೆ ವಿಟಮಿನ್ ಕೆ ಇಂಜೆಕ್ಷನ್, ಪ್ಲಾಸ್ಮಾ ಮುಂತಾದವುಗಳಿಂದ ರಕ್ತವನ್ನು ಬೇಗ ಹದಕ್ಕೆ ತರುತ್ತಾರೆ. ಅಂಥ ವೇಳೆ ರಕ್ತದಾನಿಗಳು ಬೇಕಾಗುತ್ತಾರೆ. ಸಂಘದ ಮನೆಗಳಲ್ಲಿ ಯಾರ ರಕ್ತ ಯಾವ ಗುಂಪು ಎಂದು ಒಂದು ಪಟ್ಟಿ ಇದ್ದರೆ ಒಳ್ಳೆಯದು.

ಮತ್ತೆ ಶುರು ಮಾಡುವುದೇ ಮರೆತುಹೋಗುತ್ತದೆ

ನಮ್ಮ ಅನುಭವದಲ್ಲಿ ಗುಳಿಗೆ ನಿಲ್ಲಿಸುವಾಗ ಆಗುವ ಗೊಂದಲಕ್ಕಿಂತ ಮತ್ತೆ ಶುರು ಮಾಡುವಾಗಿನ ಗೊಂದಲ ಹೆಚ್ಚು. ರಾಯಬಾಗ ಕಡೆಯ ಒಬ್ಬ ಸದಸ್ಯೆಗೆ ಕವಾಟ ಹಾಕಿ ಕೆಲವು ವರ್ಷಗಳಾಗಿದ್ದವು. ಆಮೇಲೆ ಎದೆಯಲ್ಲಿ ಕೀವಾಗಿ ದುರ್ಬೀನ್ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಗಂಡನಿಗೆ ಮರಾಠಿ ಓದಲು ಬರುತ್ತದೆ, ಅತ್ತೆಗೆ ಅದೂ ಇಲ್ಲ. "ಡಾಕ್ಟರು ರಕ್ತದ ಗುಳಿಗಿ ಬ್ಯಾಡ ಅಂದಾರ" ಎಂದು ಮೊದಲು ಹೇಳಿದ್ದೇ ಎಲ್ಲರ ತಲೆಯಲ್ಲಿ ಉಳಿದಿತ್ತು. ನಾಲ್ಕು ದಿನ ಹಾಗೇ ಹೋದವು. ಸಂಘದವರು ನೋಡಲು ಹೋದಾಗ ಪಿಯುಸಿ ಓದುವ ಹುಡುಗಿಯೊಬ್ಬಳು ಕಾಗದ ಓದಿ, "ನಾಳೆ ಸಂಜೆಯಿಂದ ಅಸಿಟ್ರೋಮ್ ಶುರು ಮಾಡಿ, 3 ದಿನಕ್ಕೆ ಐಎನ್‌ಆರ್ ನೋಡಿ" ಎಂದು ಬರೆದದ್ದನ್ನು ಹೇಳಿದಳು. ಆ "ನಾಳೆ" ಎಂದೋ ಹೋಗಿತ್ತು. ಅಲ್ಲಿಂದಲೇ ದವಾಖಾನೆಗೆ ಫೋನ್ ಮಾಡಿಸಿ, ಅದೇ ದಿನ ರಕ್ತ ಪರೀಕ್ಷೆ, ಇಂಜೆಕ್ಷನ್, ಗುಳಿಗೆ ಎಲ್ಲವೂ ಆಯಿತು. ಆ ತಾಯಿ ಈಗ ಹೊಲಿಗೆ ಮಾಡಿಕೊಂಡಿದ್ದಾಳೆ.

ಎದೆಗೆ ಹಾಕಿದ ನಳಿಗೆಯಲ್ಲಿ ರಕ್ತ ಬರುವುದು ಕಡಿಮೆಯಾಗಿದೆ ಎಂದು ಖಾತ್ರಿಯಾದ ಮೇಲೆ ಗುಳಿಗೆ ಮತ್ತೆ ಶುರು ಮಾಡುತ್ತಾರೆ. ಗುಳಿಗೆಯ ಪರಿಣಾಮ ನಿಧಾನ, ಆದುದರಿಂದ ಅದನ್ನು ಬೇಗನೆ, ಹಲವು ಸಲ ಒಂದು ದಿನದೊಳಗೇ, ಶುರು ಮಾಡುತ್ತಾರೆ. ಪೂರ್ತಿ ಪ್ರಮಾಣದ ಹೆಪಾರಿನ್‌ಗೆ ಮಾತ್ರ 2-3 ದಿನ ಕಾಯುತ್ತಾರೆ. ಐಎನ್‌ಆರ್ ಬೇಕಾದಷ್ಟು ಏರಿದ ಮೇಲೆ ಇಂಜೆಕ್ಷನ್ ನಿಲ್ಲುತ್ತದೆ, ಗುಳಿಗೆ ಉಳಿಯುತ್ತದೆ. ಮನೆಗೆ ಹೊರಡುವ ಮೊದಲು ನರ್ಸಮ್ಮನನ್ನು ಕೇಳಿ: ಯಾವ ಗುಳಿಗೆ, ಎಷ್ಟು, ಯಾವ ತಾರೀಖಿನಿಂದ, ಮುಂದಿನ ರಕ್ತ ಪರೀಕ್ಷೆ ಯಾವಾಗ? ಕನ್ನಡದಲ್ಲೋ ಮರಾಠಿಯಲ್ಲೋ ಬರೆಸಿಕೊಳ್ಳಿ.

ನಳಿಗೆಯ ಬಾಟಲಿ ಇರುವಾಗ ಅದು ಎದೆಗಿಂತ ಕೆಳಗೇ ಇರಬೇಕು, ಓಡಾಡುವಾಗ ಹೆಗಲಿಗೆ ಏರಿಸಬಾರದು. ಬಾಟಲಿಗೆ ಒಮ್ಮೆಲೆ ಕೆಂಪು ರಕ್ತ ತುಂಬತೊಡಗಿದರೆ, ಅಥವಾ ಬಹಳ ಬರುತ್ತಿದ್ದದ್ದು ಥಟ್ಟನೆ ನಿಂತು ದಮ್ಮು ಹತ್ತಿದರೆ, ಕೂಡಲೇ ನರ್ಸಮ್ಮನನ್ನು ಕೂಗಿ. ನಿಂತದ್ದು ಒಳ್ಳೆಯದೆಂದು ಸುಮ್ಮನಿರಬೇಡಿ, ನಳಿಗೆ ಕಟ್ಟಿಕೊಂಡು ರಕ್ತ ಒಳಗೇ ಕೂಡುತ್ತಿರಬಹುದು.

ಕ್ಷಯದ ಔಷಧಿ, ತಪ್ಪಲ ಪಲ್ಯ, ನೋವಿನ ಗುಳಿಗೆ

ಈ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಆದರೆ ನಮ್ಮ ಭಾಗಕ್ಕೆ ಬಹಳ ಬೇಕಾದದ್ದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂತ್ರ ಕೆಂಪು ಮಾಡುವ ಔಷಧಿ ಅದೇ, ರಕ್ತದ ಗುಳಿಗೆಯ ಶಕ್ತಿಯನ್ನು ತಗ್ಗಿಸುತ್ತದೆ. ಮೊದಲಿನ ಪ್ರಮಾಣ ಸಾಲದೆ ಡಾಕ್ಟರರು ಹೆಚ್ಚಿಸಬೇಕಾಗುತ್ತದೆ, ಕೆಲವರಿಗೆ ಎರಡು ಪಟ್ಟಿಗಿಂತ ಹೆಚ್ಚು. ಆರು ತಿಂಗಳಿಗೆ ಕ್ಷಯದ ಔಷಧಿ ಮುಗಿಯಿತು ಎಂದು ಮನೆಯವರೆಲ್ಲ ಸಂತೋಷಪಡುವ ಹೊತ್ತಿಗೆ ಇನ್ನೊಂದು ಅಪಾಯ ಶುರುವಾಗುತ್ತದೆ: ಹೆಚ್ಚಿಸಿದ ರಕ್ತದ ಗುಳಿಗೆ ಅಷ್ಟೇ ಉಳಿದರೆ ಕೆಲವೇ ವಾರಗಳಲ್ಲಿ ಐಎನ್‌ಆರ್ ಏರಿ ರಕ್ತಸ್ರಾವವಾಗಬಹುದು. ಕ್ಷಯದ ಔಷಧಿ ಶುರುವಾದಾಗಲೂ ಮುಗಿದಾಗಲೂ ಬೇಗ ಬೇಗ ಪರೀಕ್ಷೆ ಮಾಡಿಸಲೇಬೇಕು. ಕ್ಷಯದ ಔಷಧಿ ಸರಕಾರದಿಂದ ಉಚಿತ, ಪೌಷ್ಟಿಕ ಆಹಾರಕ್ಕೆ ಕೊಡುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿಸಿದ್ದಾರೆ, ಖಾತೆಗೆ ಬರುತ್ತಿದೆಯೇ ನೋಡಿಕೊಳ್ಳಿ.

ಮೆಂತ್ಯ, ಪಾಲಕ, ರಾಜಗಿರಿಯಂಥ ತಪ್ಪಲ ಪಲ್ಯದಲ್ಲಿ ವಿಟಮಿನ್ ಕೆ ಇದೆ. ಹಾಗೆಂದು ಪಲ್ಯವನ್ನೇ ಬಿಟ್ಟು ರಕ್ತಹೀನತೆ ತಂದುಕೊಳ್ಳಬೇಡಿ. ದಿನಾ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ. ವಾರಪೂರ್ತಿ ಇಲ್ಲ, ಸಂತೆಯ ಮರುದಿನ ಬುಟ್ಟಿ ತುಂಬ ಎನ್ನುವಂತೆ ಆಗಬಾರದು, ಅಷ್ಟೇ.

ಸೊಂಟನೋವು, ಮಂಡಿನೋವು ಎಂದು ಮೆಡಿಕಲ್ ಅಂಗಡಿಯಿಂದ ಡೈಕ್ಲೊಫೆನಾಕ್, ಬ್ರೂಫೆನ್ ತಂದು ನುಂಗುವುದು ನಮ್ಮಲ್ಲಿ ಚಹಾ ಕುಡಿದಷ್ಟು ಸಲೀಸಾಗಿದೆ. ರಕ್ತದ ಗುಳಿಗೆಯ ಜೊತೆ ಇವು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸುತ್ತವೆ. ಮೆಟ್ರೊನಿಡಜೋಲ್‌ನಂತಹ ಕೆಲವು ಔಷಧಿಗಳೂ ಐಎನ್‌ಆರ್ ಏರಿಸುತ್ತವೆ. ನಾಟಿ ಔಷಧಿಯನ್ನೂ ಡಾಕ್ಟರರಿಗೆ ಹೇಳಿಯೇ ತೆಗೆದುಕೊಳ್ಳಿ. ಮಗು ಬೇಕೆನ್ನುವ ತಂಗಿಯರು ಬಸುರಾಗುವ ಮೊದಲೇ ಡಾಕ್ಟರರ ಹತ್ತಿರ ಮಾತಾಡಬೇಕು, ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಕೂಸಿಗೆ ಹಾನಿ ಮಾಡುತ್ತದೆ. ಹಾಗೆಂದು ತಾವೇ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಕುತ್ತು.

ಮಲ ಡಾಂಬರಿನಂತೆ ಕಪ್ಪಾದರೆ, ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಬಂದರೆ, ಮುಟ್ಟು ಎಂದಿಗಿಂತ ಬಹಳ ಹೋದರೆ, ತಲೆಗೆ ಪೆಟ್ಟಾದರೆ ತಡ ಮಾಡಬೇಡಿ. ಬಾಯಿ ವಾರೆಯಾದರೆ, ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ಲೋಹದ ಕವಾಟದ ಟಿಕ್ ಟಿಕ್ ಸಪ್ಪಳ ರಾತ್ರಿ ಶಾಂತವಿದ್ದಾಗ ಕೇಳಿಸುತ್ತದೆ. ಅದು ಮಂದವಾಗಿ ದಮ್ಮು ಶುರುವಾದರೆ ಕವಾಟ ಕಟ್ಟಿಕೊಳ್ಳುತ್ತಿದೆ ಎಂದೇ ತಿಳಿದು ಹೊರಡಿ.

ಕಾಗದ ನಿಮ್ಮ ಕೈಯಲ್ಲಿರಲಿ

ಗಡಿನಾಡಿನಲ್ಲಿ ಒಂದು ವಿಶೇಷ ತೊಡಕಿದೆ. ಹೃದಯದ ಆಪರೇಷನ್ ಬೆಳಗಾವಿಯಲ್ಲೋ ಬೆಂಗಳೂರಿನ ಜಯದೇವದಲ್ಲೋ ಆಗಿರುತ್ತದೆ, ಎದೆಯದು ಮಿರಜದಲ್ಲೋ ಕೊಲ್ಹಾಪುರದಲ್ಲೋ. ಆ ಡಾಕ್ಟರರಿಗೆ ಈ ಡಾಕ್ಟರರ ಫೈಲು ಕಾಣುವುದಿಲ್ಲ. ಇಬ್ಬರ ನಡುವೆ ಸುದ್ದಿ ಒಯ್ಯುವವರು ನೀವೇ. ಆದುದರಿಂದ ಸಂಘದ ಪಾಸ್‌ಬುಕ್ಕಿನಂತೆ ಒಂದು ಸಣ್ಣ ವಹಿ ಇಡಿ: ಕವಾಟದ ಹೆಸರು ಮತ್ತು ಜಾಗ, ಗುಳಿಗೆಯ ಹೆಸರು, ಪ್ರಮಾಣ, ಪ್ರತಿ ಪರೀಕ್ಷೆಯ ತಾರೀಖು ಮತ್ತು ಐಎನ್‌ಆರ್, ಹೃದಯದ ಡಾಕ್ಟರರ ಫೋನ್ ನಂಬರು. ಕವಾಟ ಹಾಕಿದಾಗ ಕೊಟ್ಟ ಕಾರ್ಡನ್ನು ರೇಷನ್ ಕಾರ್ಡಿನಷ್ಟೇ ಜೋಪಾನ ಮಾಡಿ. ಎದೆಯ ಡಾಕ್ಟರರಿಗೆ "ಆಪರೇಷನ್‌ಗೆ ಮೊದಲು ನಮ್ಮ ಹೃದಯದ ಡಾಕ್ಟರರ ಜೊತೆ ಒಮ್ಮೆ ಮಾತಾಡ್ರಿ" ಎಂದು ಹೇಳಲು ಸಂಕೋಚ ಬೇಡ. ಒಳ್ಳೆಯ ಡಾಕ್ಟರರು ಅದಕ್ಕೆ ಸಿಟ್ಟಾಗುವುದಿಲ್ಲ.

ಖರ್ಚಿನ ಮಾತು: 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದಿದ್ದರೆ ಸರಕಾರಿ ದವಾಖಾನೆಯಿಂದ ಚೀಟಿ ಬರೆಸಿಕೊಂಡೇ ಹೋಗಬೇಕು. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತಿತ್ತು, 2022ರ ಕೊನೆಗೆ ಮತ್ತೆ ನೋಂದಣಿ ಆರಂಭವಾಯಿತು. ಗಡಿಯಾಚೆಯ ದವಾಖಾನೆಗೆ ಹೋಗುವವರು ನಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಆಯುಷ್ಮಾನ್ ಕೌಂಟರಿನಲ್ಲಿ ಕೇಳಿ.

ಹಲ್ಲು ಕೀಳಿಸುವಾಗಲೂ, ಎದೆಯ ನೀರು ತೆಗೆಸುವಾಗಲೂ ಇದೇ ವಹಿ ತೋರಿಸಿ. ಇಂಗ್ಲಿಷ್ ಕಾಗದ ಓದಲು ಬಾರದಿದ್ದರೆ ಸಂಘದ ಸಭೆಗೆ ತನ್ನಿ, ನಮ್ಮ ಕಾರ್ಯಕರ್ತೆಯರು ಓದಿ ನಿಮ್ಮ ವಹಿಯಲ್ಲಿ ಕನ್ನಡದಲ್ಲಿ ಬರೆದುಕೊಡುತ್ತಾರೆ.